ಪಿಂಚಣಿಯ ಆಸೆ, ಸೇವೆಯ ಕರೆ



ನಮ್ಮ ಕುಟುಂಬಗಳಲ್ಲಿ ಹೆಣ್ಣು ಕೊಡುವ ಮಾತು ಬಂದಾಗ, ಹುಡುಗನ ಗುಣನಡತೆ ವಿಚಾರಿಸುವುದಕ್ಕೂ ಮುಂಚೆ ಒಂದು ಪ್ರಶ್ನೆ ಕೇಳುವ ರೂಢಿ ಬಹುಕಾಲದಿಂದ ಇದೆ: "ಹುಡುಗನಿಗೆ ಸರ್ಕಾರಿ ನೌಕರಿಯೇ?" ಈ ಪ್ರಶ್ನೆಯಲ್ಲಿ ಸಂಬಳದ ಲೆಕ್ಕ ಇರುವುದು ಕಡಿಮೆ. ಖಾಸಗಿ ಕಂಪನಿಯಲ್ಲಿ, ಗಲ್ಫ್ ದೇಶದಲ್ಲಿ ಅದಕ್ಕಿಂತ ಹೆಚ್ಚು ಸಂಪಾದನೆ ಇರಬಹುದೆಂದು ಹುಡುಗಿಯ ತಾಯಿಗೂ ಗೊತ್ತು. ಆಕೆಯ ಮನಸ್ಸಿನಲ್ಲಿರುವುದು ಬೇರೆ. ಮುಪ್ಪಿನಲ್ಲಿ ಯಾರ ಮುಂದೆಯೂ ಕೈಚಾಚಬೇಕಾಗಿಲ್ಲ. ಅಳಿಯ ಹೋದರೂ ಮಗಳ ಕೈಗೆ ತಿಂಗಳಿಗೆ ಏನಾದರೂ ಬರುತ್ತದೆ. ತಮಾಷೆಯೆಂದರೆ, ಹುಡುಗ ರೈಲ್ವೆಯಲ್ಲೋ ಆದಾಯ ತೆರಿಗೆ ಕಚೇರಿಯಲ್ಲೋ ಇದ್ದರೆ, ಆ ತಾಯಿ ಮನಸ್ಸಿನಲ್ಲಿಟ್ಟುಕೊಂಡಿರುವ ಹಳೆಯ ಪಿಂಚಣಿ ಇಂದು ಮದುವೆಯ ವಯಸ್ಸಿಗೆ ಬಂದಿರುವ ಅವನಿಗೆ ಇಲ್ಲವೇ ಇಲ್ಲ. ಕೇಂದ್ರ ಸರ್ಕಾರ 2004ರ ಜನವರಿ 1ರಿಂದ, ನಮ್ಮ ರಾಜ್ಯ ಸರ್ಕಾರ 2006ರ ಏಪ್ರಿಲ್ 1ರಿಂದ ಸೇರಿದವರನ್ನು ಬೇರೊಂದು ವ್ಯವಸ್ಥೆಗೆ ಒಳಪಡಿಸಿದವು. ಸೈನ್ಯವೊಂದನ್ನು ಮಾತ್ರ ಕೇಂದ್ರ ಹೊರಗಿಟ್ಟಿತು.

ಏನು ಬದಲಾಯಿತೆಂಬುದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಹಳೆಯ ಪದ್ಧತಿಯಲ್ಲಿ ನೌಕರ ಪಿಂಚಣಿಗಾಗಿ ಸಂಬಳದಿಂದ ಏನನ್ನೂ ಕಟ್ಟುತ್ತಿರಲಿಲ್ಲ. ಪೂರ್ಣ ಸೇವೆ ಮುಗಿಸಿದವನಿಗೆ ಕೊನೆಯ ಮೂಲವೇತನದ ಅರ್ಧದಷ್ಟು, ಅದರ ಮೇಲೆ ತುಟ್ಟಿಭತ್ಯೆ, ಬದುಕಿರುವವರೆಗೂ ಖಜಾನೆಯಿಂದ ಬರುತ್ತಿತ್ತು. ಹೊಸ ಪದ್ಧತಿಯಲ್ಲಿ ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇಕಡ 10ರಷ್ಟನ್ನು ನೌಕರ ಕಟ್ಟುತ್ತಾನೆ. ಸರ್ಕಾರವೂ ತನ್ನ ಪಾಲು ಹಾಕುತ್ತದೆ. ಕೇಂದ್ರದ ಪಾಲು 2019ರ ಏಪ್ರಿಲ್‌ನಿಂದ ಶೇಕಡ 14 ಆಯಿತು. ಆ ಹಣ ಮಾರುಕಟ್ಟೆಯಲ್ಲಿ ಬೆಳೆಯುತ್ತದೆ ಅಥವಾ ಕುಗ್ಗುತ್ತದೆ. ಎಷ್ಟು ಕಟ್ಟಬೇಕೆಂಬುದು ನಿಶ್ಚಿತ, ಎಷ್ಟು ಬರುತ್ತದೆಂಬುದು ಅನಿಶ್ಚಿತ. ಇದಿಷ್ಟೇ ವ್ಯತ್ಯಾಸವೆಂದು ಹೇಳಬಹುದು. ಆದರೆ ಇದಿಷ್ಟೇ ವ್ಯತ್ಯಾಸಕ್ಕಾಗಿ ಲಕ್ಷಾಂತರ ನೌಕರರು ಬೀದಿಗಿಳಿದರು, ರಾಜ್ಯಗಳಲ್ಲಿ ಚುನಾವಣೆಯ ಮಾತೇ ಇದಾಯಿತು.

ಈ ವಿಷಯ ಅರ್ಥಶಾಸ್ತ್ರದವರಿಗೆ ಸೇರಿದ್ದು, ಧರ್ಮಗುರುವಿಗೇನು ಕೆಲಸ ಎಂದು ನೀವು ಕೇಳಬಹುದು. ವಿಧಾನಸೌಧದ ನೆತ್ತಿಯ ಮೇಲೆ "ಸರ್ಕಾರದ ಕೆಲಸ ದೇವರ ಕೆಲಸ" ಎಂದು ಕೆತ್ತಿದ್ದಾರೆ. ದೇವರ ಕೆಲಸಕ್ಕೆ ಮನುಷ್ಯರನ್ನು ಹೇಗೆ ಕರೆಯಬೇಕು, ಹೇಗೆ ಉಳಿಸಿಕೊಳ್ಳಬೇಕು ಎಂಬುದು ಲೆಕ್ಕದ ಪ್ರಶ್ನೆಯಷ್ಟೇ ಅಲ್ಲ. ಅದು ನೀತಿಯ ಪ್ರಶ್ನೆಯೂ ಹೌದು.

ಮೊದಲು ಕರೆಯುವ ಮಾತು. ಪಿಂಚಣಿ ಇಲ್ಲವೆಂದರೆ ಸರ್ಕಾರಿ ಕೆಲಸಕ್ಕೆ ಯಾರು ಬರುತ್ತಾರೆ ಎಂದು ಅನೇಕರು ವಾದಿಸುತ್ತಾರೆ. ನಮ್ಮ ಕಣ್ಣೆದುರಿನ ಅನುಭವ ಈ ವಾದವನ್ನು ಪೂರ್ತಿ ಒಪ್ಪುವುದಿಲ್ಲ. ಕರ್ನಾಟಕದಲ್ಲಿ 2024ರಲ್ಲಿ ಒಂದು ಸಾವಿರ ಗ್ರಾಮ ಆಡಳಿತಾಧಿಕಾರಿ ಹುದ್ದೆಗಳಿಗೆ ಐದು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಹಳೆಯ ಪಿಂಚಣಿ ಹೋಗಿ ಹದಿನೆಂಟು ವರ್ಷ ಕಳೆದ ಮೇಲಿನ ಮಾತಿದು. ಅದೇ ವೇಳೆಗೆ ತಾಲ್ಲೂಕು ಆಸ್ಪತ್ರೆಗಳಲ್ಲಿ ತಜ್ಞ ವೈದ್ಯರಿಲ್ಲ ಎಂಬ ಗೋಳು ಹಳೆಯ ಪಿಂಚಣಿ ಇದ್ದಾಗಲೂ ಇತ್ತು, ಈಗಲೂ ಇದೆ. ಬೇರೆ ದಾರಿಯಿಲ್ಲದ ಪದವೀಧರ ಪಿಂಚಣಿಯಿಲ್ಲದಿದ್ದರೂ ಸಾಲಿನಲ್ಲಿ ನಿಲ್ಲುತ್ತಾನೆ. ಹತ್ತು ದಾರಿಗಳಿರುವ ತಜ್ಞ ಪಿಂಚಣಿಯಿದ್ದರೂ ತಿರುಗಿ ನೋಡುವುದಿಲ್ಲ.

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಸರ್ಕಾರಿ ಶಾಲಾ ಶಿಕ್ಷಕರಿಗೆ, ಈಗ ಸ್ವಲ್ಪ ಹಣ ಕಟ್ಟಿದರೆ ಮುಂದೆ ಹೆಚ್ಚು ಪಿಂಚಣಿ ಪಡೆಯಬಹುದೆಂಬ ಅವಕಾಶವನ್ನು 1998ರ ನಂತರ ಕೊಟ್ಟಿದ್ದರು. ಮರಿಯಾ ಫಿಟ್ಜ್‌ಪ್ಯಾಟ್ರಿಕ್ ಎಂಬ ಅರ್ಥಶಾಸ್ತ್ರಜ್ಞೆ ಅವರ ಆಯ್ಕೆಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ಒಂದು ಡಾಲರ್ ಬೆಲೆಯ ಹೆಚ್ಚುವರಿ ಪಿಂಚಣಿಗೆ ಆ ಶಿಕ್ಷಕರು ಸರಾಸರಿ 20 ಸೆಂಟ್‌ನಷ್ಟು ಕೊಡಲು ಮಾತ್ರ ಸಿದ್ಧರಿದ್ದರು. ಅವರು ಹೊಸಬರೂ ಅಲ್ಲ, ವರ್ಷಗಟ್ಟಲೆ ಪಾಠ ಮಾಡಿದವರು. ಅವರ ಲೆಕ್ಕವೇ ಹೀಗಿದ್ದರೆ ಇಪ್ಪತ್ತೆರಡರ ಹುಡುಗನಿಗೆ ಅರವತ್ತರ ಮುಪ್ಪು ಎಷ್ಟು ದೂರ ಕಾಣಬಹುದು? ಹುಡುಗನಿಗೆ ತಿಂಗಳ ಸಂಬಳ ಕಾಣುತ್ತದೆ, ಪಿಂಚಣಿ ಕಾಣುವುದು ಅವನ ತಂದೆತಾಯಿಗೆ. ನಮ್ಮ ದೇಶದಲ್ಲಿ ಅರ್ಜಿ ಹಾಕಿಸುವವರು ತಂದೆತಾಯಿಯರೇ ಆದ್ದರಿಂದ ಇಲ್ಲಿ ಪಿಂಚಣಿಯ ಕರೆ ಅಲ್ಲಿಗಿಂತ ತುಸು ಗಟ್ಟಿಯಾಗಿ ಕೇಳಿಸುತ್ತದೆ ಎಂಬುದು ನನ್ನ ಎಣಿಕೆ.

ಕರೆಯುವುದರಲ್ಲಿ ಇಷ್ಟು ದುರ್ಬಲವಾದ ಪಿಂಚಣಿ ಉಳಿಸಿಕೊಳ್ಳುವುದರಲ್ಲಿ ಮಾತ್ರ ಬಹಳ ಬಲಶಾಲಿ. ಹಳೆಯ ಪದ್ಧತಿಯಲ್ಲಿ ಹತ್ತು ವರ್ಷ ತುಂಬುವವರೆಗೆ ಪಿಂಚಣಿಯ ಮಾತಿಲ್ಲ. ನಡುವೆ ರಾಜೀನಾಮೆ ಕೊಟ್ಟರೆ ಅದುವರೆಗಿನ ಸೇವೆಯೆಲ್ಲ ಲೆಕ್ಕಕ್ಕೆ ಇಲ್ಲವಾಗುತ್ತದೆ ಎಂದು 1972ರ ಕೇಂದ್ರ ಪಿಂಚಣಿ ನಿಯಮಗಳು ಹೇಳಿದವು; ಅನುಮತಿ ಪಡೆದು ಇನ್ನೊಂದು ಸರ್ಕಾರಿ ಹುದ್ದೆಗೆ ಹೋದರಷ್ಟೇ ವಿನಾಯಿತಿ. ಇಪ್ಪತ್ತು ವರ್ಷವಾದ ಮೇಲೆ ಸ್ವಯಂ ನಿವೃತ್ತಿಯ ಬಾಗಿಲು ತೆರೆಯುತ್ತದೆ. ಹೀಗಾಗಿ ಹದಿನೈದು ವರ್ಷ ದುಡಿದವನ ಸ್ಥಿತಿ ನಡುಹೊಳೆಯಲ್ಲಿ ನಿಂತವನ ಸ್ಥಿತಿ. ಹಿಂದಕ್ಕೆ ಹೋದರೆ ನಷ್ಟ, ಇಳಿದುಹೋದರೂ ನಷ್ಟ. ಉಳಿಯುತ್ತಾನೆ.

ಇಂಥ ಉಳಿವಿನಿಂದ ಲಾಭವಿಲ್ಲವೆಂದು ಹೇಳಲಾರೆ. ಗ್ರಾಮದ ಪಹಣಿ, ಶಾಲೆಯ ದಾಖಲೆ, ನ್ಯಾಯಾಲಯದ ಕಡತ ಇವೆಲ್ಲ ದೀರ್ಘಕಾಲ ಒಂದೇ ಕೆಲಸದಲ್ಲಿ ಪಳಗಿದ ಕೈಗಳಿಂದಲೇ ನಡೆಯುತ್ತವೆ. ಲಂಚಕ್ಕೂ ಇದೊಂದು ತಡೆ. ಗ್ಯಾರಿ ಬೆಕರ್ ಮತ್ತು ಜಾರ್ಜ್ ಸ್ಟಿಗ್ಲರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 1974ರಲ್ಲಿ ಒಂದು ವಾದ ಮುಂದಿಟ್ಟರು: ಕಾನೂನು ಕಾಯುವವನಿಗೆ ಕೊನೆಯಲ್ಲಿ ದೊಡ್ಡ ಮೊತ್ತ ಕಾದಿದ್ದು, ತಪ್ಪು ಮಾಡಿ ವಜಾಗೊಂಡರೆ ಅದು ಕೈತಪ್ಪುವುದಾದರೆ, ಅವನು ಕೈ ಶುದ್ಧವಾಗಿಟ್ಟುಕೊಳ್ಳುತ್ತಾನೆ. ಪಿಂಚಣಿ ಎಂದರೆ ನೌಕರ ಸರ್ಕಾರದ ಬಳಿ ಇಟ್ಟ ಜಾಮೀನು ಎಂದರ್ಥ. ಪಿಂಚಣಿಯಿದ್ದ ಕಾಲದಲ್ಲಿ ನಮ್ಮ ಕಚೇರಿಗಳಲ್ಲಿ ಲಂಚವೇ ಇರಲಿಲ್ಲವೇ ಎಂದು ನೀವು ನಗಬಹುದು. ವಜಾ ಆಗುವ ಭಯವೇ ಇಲ್ಲದ ಕಡೆ ಜಾಮೀನು ಏನು ತಾನೇ ಮಾಡೀತು?

ಈ ಉಪಾಯ ಬಹಳ ಹಳೆಯದು. ಯೇಸುಸ್ವಾಮಿ ಹುಟ್ಟಿದ ಕಾಲದಲ್ಲಿ ಆಳುತ್ತಿದ್ದ ಅಗಸ್ಟಸ್ ಚಕ್ರವರ್ತಿ ಕ್ರಿ.ಶ. 6ರಲ್ಲಿ ನಿವೃತ್ತ ಸೈನಿಕರಿಗೆಂದೇ ಒಂದು ಪ್ರತ್ಯೇಕ ಖಜಾನೆ ತೆರೆದ. ಆಸ್ತಿ ವಾರಸುದಾರಿಕೆಯ ಮೇಲೆ ಶೇಕಡ 5, ಹರಾಜಿನ ಮೇಲೆ ಶೇಕಡ 1 ತೆರಿಗೆ ಹಾಕಿ ಅದಕ್ಕೆ ಹಣ ಒದಗಿಸಿದ. ಬಿಡುಗಡೆಯ ಹಣದ ಆಸೆಯಿಂದ ಸೈನಿಕ ಎರಡು ದಶಕ ದುಡಿಯುತ್ತಿದ್ದ. ಅವಧಿ ಮುಗಿದರೂ ಬಿಡದೆ ದುಡಿಸಿಕೊಳ್ಳುತ್ತಿದ್ದಾರೆ ಎಂಬ ದೂರು ಬೆಳೆದು ಕ್ರಿ.ಶ. 14ರಲ್ಲಿ, ಅಗಸ್ಟಸ್ ತೀರಿಕೊಂಡ ಕೂಡಲೇ, ಪನೋನಿಯದಲ್ಲಿಯೂ ರೈನ್ ನದಿಯ ದಂಡೆಯಲ್ಲಿಯೂ ದಂಡುಗಳು ಬಂಡೆದ್ದವು. ಕೊನೆಗೆ ಕೊಡುತ್ತೇವೆಂಬ ಮಾತಿನಿಂದ ಮನುಷ್ಯನನ್ನು ಹಿಡಿದಿಡಬಹುದು. ಆದರೆ ಆ ಕೊನೆಯನ್ನು ಮುಂದೂಡುವ ಆಮಿಷವೂ ಒಡೆಯನ ಕೈಯಲ್ಲೇ ಇರುತ್ತದೆ. ಸ್ನಾನಿಕ ಯೊವಾನ್ನರ ಬಳಿ ಸೈನಿಕರು ಬಂದು ನಾವೇನು ಮಾಡಬೇಕೆಂದು ಕೇಳಿದಾಗ, ಯಾರನ್ನೂ ಸುಲಿಯದೆ ನಿಮ್ಮ ಸಂಬಳದಲ್ಲಿ ತೃಪ್ತರಾಗಿರಿ ಎಂಬ ಅರ್ಥದ ಉತ್ತರ ಕೊಟ್ಟರೆಂದು ಲೂಕನ ಶುಭಸಂದೇಶದಲ್ಲಿ ಓದುತ್ತೇವೆ. ಆ ಉಪದೇಶ ನಿಲ್ಲಬೇಕಾದರೆ ಸಂಬಳ ತೃಪ್ತಿಪಡುವಷ್ಟು ಇರಬೇಕು ಎಂಬುದು ಅದರೊಳಗೇ ಅಡಗಿದೆ.

ಈಗ ನೀತಿಯ ತಿರುಳಿಗೆ ಬರೋಣ. ಪಿಂಚಣಿ ಎಂದರೇನು? ಒಡೆಯ ಮೆಚ್ಚಿ ಕೊಡುವ ಇನಾಮೇ, ದುಡಿದವನಿಗೆ ಬಾಕಿ ಇರುವ ಕೂಲಿಯೇ? ನಮ್ಮ ಸರ್ವೋಚ್ಚ ನ್ಯಾಯಾಲಯ 1982ರ ಡಿಸೆಂಬರ್ 17ರಂದು ಡಿ. ಎಸ್. ನಕಾರಾ ಅವರ ಮೊಕದ್ದಮೆಯಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ಪಿಂಚಣಿ ಸರ್ಕಾರದ ಕೃಪೆಯಲ್ಲ, ಸಲ್ಲಿಸಿದ ಸೇವೆಗೆ ಸಲ್ಲಬೇಕಾದ ಹಕ್ಕು ಎಂದು ಐವರು ನ್ಯಾಯಮೂರ್ತಿಗಳ ಪೀಠ ಸಾರಿತು. 1979ರ ಮಾರ್ಚ್ 31ರ ನಂತರ ನಿವೃತ್ತರಾದವರಿಗೆ ಮಾತ್ರ ಹೆಚ್ಚಿನ ಲೆಕ್ಕಾಚಾರ, ಮೊದಲೇ ನಿವೃತ್ತರಾದವರಿಗೆ ಇಲ್ಲ ಎಂದು ಸರ್ಕಾರ ಗೆರೆ ಎಳೆದಿತ್ತು. ಆ ಗೆರೆಯನ್ನು ನ್ಯಾಯಾಲಯ ಅಳಿಸಿಹಾಕಿತು. ನಿವೃತ್ತ ನೌಕರರು ಪ್ರತಿವರ್ಷ ಡಿಸೆಂಬರ್ 17ನ್ನು ಪಿಂಚಣಿದಾರರ ದಿನವಾಗಿ ಆಚರಿಸುವುದು ಇದಕ್ಕಾಗಿಯೇ. ಧರ್ಮಸಭೆ ಇದಕ್ಕೆ ಒಂದು ವರ್ಷ ಮೊದಲೇ ಇದೇ ದಿಕ್ಕಿನಲ್ಲಿ ಮಾತಾಡಿತ್ತು. ಜಗದ್ಗುರು ಎರಡನೇ ಜಾನ್ ಪೌಲ್ 1981ರಲ್ಲಿ ದುಡಿಮೆಯ ಬಗ್ಗೆ ಬರೆದ ಲಬೋರೆಮ್ ಎಕ್ಸೆರ್ಚೆನ್ಸ್ ಪರಿಪತ್ರದಲ್ಲಿ, ಮುಪ್ಪಿನ ಪಿಂಚಣಿಯನ್ನು ದುಡಿಯುವವನ ಹಕ್ಕುಗಳ ಸಾಲಿನಲ್ಲಿ ಸೇರಿಸಿದರು. ದಾನಧರ್ಮದ ಸಾಲಿನಲ್ಲಿ ಅಲ್ಲ ಎಂಬುದನ್ನು ಗಮನಿಸಿ.

ಅದು ಕೂಲಿಯೇ ಎಂದಾದ ಮೇಲೆ ಒಂದು ತೊಡಕು ಎದುರಾಗುತ್ತದೆ. ಹದಿನೈದು ವರ್ಷ ದುಡಿದು ರಾಜೀನಾಮೆ ಕೊಟ್ಟವನ ಹದಿನೈದು ವರ್ಷದ ಕೂಲಿ ಎಲ್ಲಿ ಹೋಯಿತು? ಇದು ಹಳೆಯ ಪದ್ಧತಿಯ ದೊಡ್ಡ ಅನ್ಯಾಯವೆಂದೇ ನನ್ನ ಅಭಿಪ್ರಾಯ, ಅದನ್ನು ಮರಳಿ ತರಬೇಕೆನ್ನುವವರು ಇದರ ಬಗ್ಗೆ ಮಾತಾಡುವುದಿಲ್ಲ. ಹೊಸ ಪದ್ಧತಿಯಲ್ಲಿ ನೌಕರನ ಖಾತೆ ಅವನ ಜೊತೆಗೇ ಹೋಗುತ್ತದೆ, ಆ ಮಟ್ಟಿಗೆ ಅದು ಹೆಚ್ಚು ನ್ಯಾಯವಾದದ್ದು. ಮನುಷ್ಯನನ್ನು ಕೆಲಸದಲ್ಲಿ ಉಳಿಸಿಕೊಳ್ಳಲು ಅವನ ಬಾಕಿಯನ್ನು ಒತ್ತೆಯಿಟ್ಟುಕೊಳ್ಳುವುದು ಸಲ್ಲದು. ಮನಸ್ಸು ಒಣಗಿಹೋದ ಮೇಲೂ ಬರಿಯ ಪಿಂಚಣಿಗಾಗಿ ದಿನ ಎಣಿಸುತ್ತಾ ಕುರ್ಚಿಯಲ್ಲಿ ಕುಳಿತಿರುವವರನ್ನು ನೀವೆಲ್ಲ ಕಂಡಿದ್ದೀರಿ. ಅಂಥ ಕುರ್ಚಿಯ ಮುಂದೆ ನಿಂತ ಬಡವನನ್ನೂ ಕಂಡಿದ್ದೀರಿ. ತೋಳ ಬಂದಾಗ ಓಡಿಹೋಗುವ ಕೂಲಿಯಾಳಿನ ಬಗ್ಗೆ ಯೊವಾನ್ನನ ಶುಭಸಂದೇಶ ಹೇಳುತ್ತದೆ. ಓಡಿಹೋಗದೆ, ಕುರಿಗಳನ್ನೂ ನೋಡದೆ, ಬೇಲಿಯ ಬಳಿ ಸುಮ್ಮನೆ ಕುಳಿತ ಕೂಲಿಯಾಳಿನ ಬಗ್ಗೆ ನಾವು ಯೋಚಿಸಿದ್ದು ಕಡಿಮೆ. ಆದರೆ ತಪ್ಪು ಕೂಲಿ ಪಡೆಯುವುದರಲ್ಲಿಲ್ಲ. ಕೆಲಸಗಾರ ತನ್ನ ಕೂಲಿಗೆ ಅರ್ಹನೆಂದು ಹೇಳಿದವರೂ ಅದೇ ಪ್ರಭುವೇ.

ಇನ್ನು ಕೊಟ್ಟ ಮಾತಿನ ಪ್ರಶ್ನೆ. ಸರ್ಕಾರ ತನ್ನ ಮಾತನ್ನು ಬದಲಾಯಿಸಬಹುದೇ? ಮಾತು ಕೊಟ್ಟವನು ನಿಷ್ಠೆಯಿಂದ ನಡೆಸಲು ಬದ್ಧ, ಆದರೆ ವ್ಯಕ್ತಿಗಳ ಮತ್ತು ವಿಷಯಗಳ ಸ್ಥಿತಿ ಬದಲಾಗಿಹೋದರೆ ಅವನನ್ನು ಮನ್ನಿಸಬಹುದು ಎಂದು ಸಂತ ತೋಮಸ್ ಅಕ್ವಿನಾಸರು ಬರೆದಿದ್ದಾರೆ. ಇದನ್ನು ಹಿಡಿದುಕೊಂಡು ಜಾಣರು ಎಲ್ಲ ಮಾತಿನಿಂದಲೂ ಜಾರಿಕೊಳ್ಳಬಹುದೆಂಬ ಭಯವಿದೆ, ಆದ್ದರಿಂದ ಎಚ್ಚರ ಬೇಕು. ಈಗಾಗಲೇ ನಂಬಿ ಸೇರಿದವರಿಗೆ ಕೊಟ್ಟ ಮಾತನ್ನು ಮುರಿಯುವುದು ಒಂದು. ಇನ್ನೂ ಸೇರದವರಿಗೆ ಬೇರೆ ಮಾತು ಕೊಡುವುದು ಇನ್ನೊಂದು. 2004ರ ಬದಲಾವಣೆ ಎರಡನೆಯ ಬಗೆಯದು. ಅದು ಮಾತು ತಪ್ಪಿದ್ದಲ್ಲ. ಆದರೂ ನಡುವೆ ಸಿಕ್ಕಿಕೊಂಡವರು ಕೆಲವರಿದ್ದರು. ಹುದ್ದೆಗೆ ಜಾಹೀರಾತು ಹೊರಟಾಗ ಹಳೆಯ ಪಿಂಚಣಿ ಇತ್ತು, ನೇಮಕದ ಆದೇಶ ಕೈಗೆ ಬರುವಷ್ಟರಲ್ಲಿ ಇರಲಿಲ್ಲ. ವಿಳಂಬ ಮಾಡಿದ್ದು ಕಚೇರಿ, ದಂಡ ತೆತ್ತಿದ್ದು ಅಭ್ಯರ್ಥಿ. 2003ರ ಡಿಸೆಂಬರ್ 22ಕ್ಕೆ ಮೊದಲು ಜಾಹೀರಾದ ಹುದ್ದೆಗಳಿಗೆ ಸೇರಿದವರು ಹಳೆಯ ಪದ್ಧತಿಯನ್ನು ಆರಿಸಿಕೊಳ್ಳಬಹುದೆಂದು ಕೇಂದ್ರ 2023ರ ಮಾರ್ಚ್‌ನಲ್ಲಿ ಒಪ್ಪಿತು. ಕರ್ನಾಟಕವೂ 2006ರ ಏಪ್ರಿಲ್‌ಗೆ ಮೊದಲಿನ ಅಧಿಸೂಚನೆಗಳಿಗೆ 2024ರ ಜನವರಿಯಲ್ಲಿ ಹಾಗೆಯೇ ಮಾಡಿತು, ಸುಮಾರು 13,000 ಮಂದಿಗೆ ಇದರಿಂದ ಅನುಕೂಲವಾಯಿತು. ಕರೆ ಕೊಟ್ಟ ದಿನವೇ ಮಾತು ಕೊಟ್ಟ ದಿನ ಎಂಬ ತತ್ತ್ವ ಇಲ್ಲಿ ಉಳಿಯಿತು, ತಡವಾಗಿಯಾದರೂ.

ಮಾತು ತಪ್ಪದಿದ್ದರೂ ಮನಸ್ಸು ನೋಯಬಹುದು. ಒಂದೇ ಕೋಣೆ, ಒಂದೇ ಕೆಲಸ, ಅಕ್ಕಪಕ್ಕದ ಎರಡು ಮೇಜು. ಒಬ್ಬಾಕೆ 2006ರ ಮಾರ್ಚ್‌ನಲ್ಲಿ ಸೇರಿದವಳು, ಇನ್ನೊಬ್ಬಾಕೆ ಏಪ್ರಿಲ್‌ನಲ್ಲಿ. ಮತ್ತಾಯನ ಇಪ್ಪತ್ತನೇ ಅಧ್ಯಾಯದ ದ್ರಾಕ್ಷಿತೋಟದಲ್ಲಿ ಕೊನೆಯ ಗಳಿಗೆಯಲ್ಲಿ ಬಂದವರಿಗೂ ಒಡೆಯ ಪೂರ್ತಿ ಕೂಲಿ ಕೊಟ್ಟ, ಮೊದಲು ಬಂದವರು ಗೊಣಗಿದರು. ನಮ್ಮ ಕಚೇರಿಯಲ್ಲಿ ತಡವಾಗಿ ಬಂದವರು ಗೊಣಗುತ್ತಿದ್ದಾರೆ, ಮತ್ತು ಅವರ ಗೊಣಗಾಟಕ್ಕೆ ಆ ದೃಷ್ಟಾಂತದವರಿಗಿಂತ ಹೆಚ್ಚು ಆಧಾರವಿದೆ. ಇವರು ಒಂದು ಗಳಿಗೆ ಕಡಿಮೆ ದುಡಿಯುತ್ತಿಲ್ಲ. ನನಗೆ ಅನ್ಯಾಯವೆನಿಸುವುದು, ಮುಪ್ಪಿನ ಅನಿಶ್ಚಯವನ್ನೆಲ್ಲ ಒಬ್ಬ ಗುಮಾಸ್ತನ ಹೆಗಲ ಮೇಲೆ ಹೊರಿಸಿದ್ದು. ಮಾರುಕಟ್ಟೆ ಬಿದ್ದ ವರ್ಷವೇ ಅವನು ನಿವೃತ್ತನಾದರೆ ಅದು ಅವನ ಕರ್ಮ ಎನ್ನುವಂತಾಯಿತು.

ಹಾಗಾದರೆ ಹಳೆಯದನ್ನೇ ತಂದುಬಿಡೋಣವೇ? ರಾಜಸ್ಥಾನ 2022ರಲ್ಲಿ ಆ ದಾರಿ ಹಿಡಿಯಿತು, ಹಿಮಾಚಲ ಪ್ರದೇಶ 2023ರಲ್ಲಿ. ಹಣ ಕೂಡಿಡದೆ ಮುಂದಿನ ತಲೆಯ ಮೇಲೆ ಭಾರ ಹಾಕುತ್ತಿದ್ದೀರಿ ಎಂದು ರಿಸರ್ವ್ ಬ್ಯಾಂಕ್ 2023ರ ಜನವರಿಯ ವರದಿಯಲ್ಲಿ ಎಚ್ಚರಿಸಿತು. ಆ ಮುಂದಿನ ತಲೆಯಲ್ಲಿ ಯಾರಿದ್ದಾರೆ? ತೋಟದಲ್ಲಿ ಕೂಲಿ ಮಾಡುವವಳ ಮಗ ಇದ್ದಾನೆ. ಸಾಬೂನು ಕೊಂಡಾಗ ತೆರಿಗೆ ಕಟ್ಟುವವನು ಅವನೂ ಹೌದು. ಅವನ ತಾಯಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 2025ರಲ್ಲಿ ಬರುತ್ತಿದ್ದುದು ತಿಂಗಳಿಗೆ 1,200 ರೂಪಾಯಿ. ಒಬ್ಬನಿಗೆ ಸಲ್ಲಬೇಕಾದ್ದನ್ನು ಕೊಡುವುದು ನ್ಯಾಯ. ಅದನ್ನು ಇನ್ನೂ ಹುಟ್ಟದವನ ಜೇಬಿನಿಂದ, ಅವನನ್ನು ಕೇಳದೆ ಕೊಡುವುದು ಅಷ್ಟು ಸರಳವಾದ ನ್ಯಾಯವಲ್ಲ. 2025ರ ಏಪ್ರಿಲ್ 1ರಿಂದ ಕೇಂದ್ರ ತಂದಿರುವ ಏಕೀಕೃತ ಪಿಂಚಣಿ ಯೋಜನೆ ನಡುವಿನ ದಾರಿ ಹುಡುಕಿದೆ. ನೌಕರ ಶೇಕಡ 10 ಕಟ್ಟುತ್ತಾನೆ, ಸರ್ಕಾರ ಶೇಕಡ 18.5 ಹಾಕುತ್ತದೆ, 25 ವರ್ಷ ದುಡಿದವನಿಗೆ ಕೊನೆಯ ಹನ್ನೆರಡು ತಿಂಗಳ ಸರಾಸರಿ ಮೂಲವೇತನದ ಅರ್ಧ ಖಚಿತ. ಹತ್ತು ವರ್ಷ ದುಡಿದವನಿಗೂ ತಿಂಗಳಿಗೆ ಕನಿಷ್ಠ 10,000. ಇಬ್ಬರೂ ಹೊರುವ ಹೊರೆ ಎಂಬ ಕಾರಣಕ್ಕೆ ಇದು ನನಗೆ ಹಿಡಿಸುತ್ತದೆ, ದೋಷಗಳಿಲ್ಲವೆಂದಲ್ಲ.

ಈ ಜಗಳದಲ್ಲಿ ಒಂದು ಗುಂಪಿನ ದನಿ ಕೇಳಿಸುವುದೇ ಇಲ್ಲ. ಪಿಂಚಣಿಯ ಭಾರಕ್ಕೆ ಹೆದರಿದ ಸರ್ಕಾರಗಳು ಖಾಯಂ ಹುದ್ದೆಗಳನ್ನು ತುಂಬದೆ ಗುತ್ತಿಗೆ, ಹೊರಗುತ್ತಿಗೆ, ಅತಿಥಿ ಎಂಬ ಹೆಸರುಗಳಲ್ಲಿ ಕೆಲಸ ಮಾಡಿಸಿಕೊಳ್ಳುತ್ತವೆ. ಸರ್ಕಾರಿ ಕಾಲೇಜಿನ ಅತಿಥಿ ಉಪನ್ಯಾಸಕ ವರ್ಷ ವರ್ಷವೂ ಅತಿಥಿಯೇ. ಸೈನ್ಯದಲ್ಲೂ 2022ರಲ್ಲಿ ಅಗ್ನಿಪಥ ಬಂತು. ನಾಲ್ಕು ವರ್ಷದ ಸೇವೆ, ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಮುಂದುವರಿಕೆ, ಉಳಿದವರಿಗೆ ಸುಮಾರು 11.7 ಲಕ್ಷದ ಗಂಟು, ಪಿಂಚಣಿಯಿಲ್ಲ. ಎರಡು ಬಗೆಯ ಪಿಂಚಣಿಗಳಲ್ಲಿ ಯಾವುದು ಮೇಲು ಎಂದು ಖಾಯಂ ನೌಕರರು ವಾದಿಸುತ್ತಿರುವಾಗ, ಇವರು ಎರಡರ ಹೊರಗೆ ನಿಂತಿದ್ದಾರೆ.

ಹೊರಗೆ ನಿಂತವರು ನಮ್ಮ ಅಂಗಳದಲ್ಲೂ ಇದ್ದಾರೆ. 2006ರ ನಂತರ ನೇಮಕಗೊಂಡ ಅನುದಾನಿತ ಶಾಲಾ ಶಿಕ್ಷಕರು ಪಿಂಚಣಿಗಾಗಿ ವರ್ಷಗಟ್ಟಲೆ ಹೋರಾಡಿದ್ದಾರೆ, ಅವರಲ್ಲಿ ನಮ್ಮ ಶಾಲೆಗಳವರೂ ಸೇರಿದ್ದಾರೆ. ಅನುದಾನವಿಲ್ಲದ ನಮ್ಮ ಶಾಲೆಗಳಲ್ಲಿ, ಒಳ್ಳೆಯ ಟೀಚರ್ ಕೆಲಸ ಕಲಿತ ಮೇಲೆ ಸರ್ಕಾರಿ ನೌಕರಿ ಸಿಕ್ಕ ಕೂಡಲೇ ಹೊರಟುಬಿಡುತ್ತಾರೆ ಎಂದು ಸಿಸ್ಟರುಗಳು ಬೇಸರಪಡುವುದುಂಟು. ಸೇವಾಮನೋಭಾವ ಕಡಿಮೆಯಾಯಿತು ಎಂದು ಪ್ರಸಂಗದಲ್ಲಿ ಹೇಳುವುದು ಸುಲಭ. ಮುಪ್ಪಿಗೆ ಏನು ಇಟ್ಟಿದ್ದೇವೆ ಎಂದು ಹೊರಟವರು ತಿರುಗಿ ಕೇಳಿದರೆ ನಮ್ಮ ಉತ್ತರವೇನು? ಧರ್ಮಕೇಂದ್ರದ ಉಪದೇಶಿ, ಗಂಟೆ ಹೊಡೆಯುವವರು, ಗುರುಮನೆಯ ಅಡುಗೆಯವರು ಇವರ ಬಗ್ಗೆಯಂತೂ ಈ ಪ್ರಶ್ನೆ ಏಳುವುದೇ ಇಲ್ಲ, ಏಕೆಂದರೆ ಅವರು ಬಿಟ್ಟು ಹೋಗುವುದಿಲ್ಲ.

ಚಿಕ್ಕ ಧರ್ಮಕೇಂದ್ರಗಳಲ್ಲಿ ಇಪ್ಪತ್ತು ಮಂದಿ ನೌಕರರಿರುವುದಿಲ್ಲವಾದ್ದರಿಂದ ಭವಿಷ್ಯ ನಿಧಿಯ ಕಾನೂನು ನಮ್ಮನ್ನು ಸಾಮಾನ್ಯವಾಗಿ ಒತ್ತಾಯಿಸುವುದಿಲ್ಲ. ಆದರೆ 2015ರಲ್ಲಿ ಬಂದ ಅಟಲ್ ಪಿಂಚಣಿ ಯೋಜನೆಗೆ ಬ್ಯಾಂಕಿನಲ್ಲಿ ಒಂದು ಖಾತೆಯಿದ್ದು, ಆದಾಯ ತೆರಿಗೆ ಕಟ್ಟುವವರಲ್ಲದಿದ್ದರೆ ಸಾಕು. ಅರವತ್ತರ ನಂತರ ತಿಂಗಳಿಗೆ 5,000 ರೂಪಾಯಿ ಬರಬೇಕಾದರೆ ಮೂವತ್ತರ ವಯಸ್ಸಿನಲ್ಲಿ ಸೇರುವವರು ತಿಂಗಳಿಗೆ 577 ರೂಪಾಯಿ ಕಟ್ಟಬೇಕು. ನಲವತ್ತರಲ್ಲಿ ಸೇರಿದರೆ 1,454. ನಲವತ್ತು ದಾಟಿದವರಿಗೆ ಆ ಬಾಗಿಲು ಮುಚ್ಚಿದೆ. ನಿಮ್ಮ ಧರ್ಮಕೇಂದ್ರದ ಮುಂದಿನ ಪಾಲನಾ ಸಮಿತಿಯ ಸಭೆಯಲ್ಲಿ, ಗುರುಮನೆಯ ಅಡುಗೆಯಮ್ಮನಿಗೆ ಈಗ ಎಷ್ಟು ವಯಸ್ಸು ಎಂದು ಯಾರಾದರೂ ಕೇಳಿರಿ.